ಶಾಲೆಯವರು ನನ್ನ ಸೊಸೆಗೆ ಉಡಿ ತುಂಬಿದರು

ದೀಪಾವಳಿ ಮುಗಿದ ಮೇಲೆ ಒಂದು ಶುಕ್ರವಾರ ಸಂಜೆ ನಮ್ಮೂರ ಸರಕಾರಿ ಶಾಲೆ ನಮ್ಮ ಮನೆಗೆ ಬಂತು.

ಕಟ್ಟಡ ಬರಲಿಲ್ಲ, ಜನ ಬಂದರು. ಮುಂದೆ ಹೆಡ್ ಮೇಡಂ, ಅವರ ಹಿಂದೆ ಇಬ್ಬರು ಟೀಚರು, ಬಿಸಿಯೂಟ ಮಾಡುವ ನೀಲವ್ವ, ಎಲ್ಲರಿಗಿಂತ ಹಿಂದೆ ಶಾಲಾ ಸಮಿತಿಯ ಅಧ್ಯಕ್ಷ ಫಕ್ಕೀರಪ್ಪ. ಒಟ್ಟು ಐದು ಜನ. ನೀಲವ್ವನ ಕೈಯಲ್ಲಿ ದೊಡ್ಡ ಸ್ಟೀಲ್ ತಾಟು, ಅದರ ಮೇಲೊಂದು ಕಸೂತಿ ಬಟ್ಟೆ. ಬಂದವರೇ ನನ್ನ ಸೊಸೆ ಸವಿತಾಳನ್ನು ಮಣೆಯ ಮೇಲೆ ಕೂರಿಸಿದರು. ಅರಿಷಿಣ ಕುಂಕುಮ ಹಚ್ಚಿದರು. ಸೆರಗು ಒಡ್ಡಿಸಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬು, ಮೇಲೊಂದು ಹಸಿರು ಕುಪ್ಪಸದ ಖಣ ಹಾಕಿ ಭರ್ತಿ ಉಡಿ ತುಂಬಿದರು.

ನಮ್ಮ ಮನೆಯಲ್ಲಿ ಅವತ್ತು ಮದುವೆ ಇರಲಿಲ್ಲ. ಬಸುರಿಗೆ ಮಾಡುವ ಕುಬಸವೂ ಇರಲಿಲ್ಲ. ಇದ್ದದ್ದು ಇಷ್ಟೇ: ಸೋಮವಾರ ನಾವು ಅದೇ ಶಾಲೆಯ ಮೇಲೆ ತಾಲೂಕಿನ ಆಫೀಸಿಗೆ ದೂರು ಕೊಡುವವರಿದ್ದೆವು.

(ಯಾವ ಊರು ಎಂದು ಕೇಳಬೇಡಿ, ಹೇಳುವುದಿಲ್ಲ. ಹಾನಗಲ್ಲಿನವರು ಓದಿ ಇದು ಶಿಗ್ಗಾಂವ ಕಡೆಯದು ಅನ್ನಲಿ. ಶಿಗ್ಗಾಂವದವರು ಸವಣೂರಿನದು ಅನ್ನಲಿ. ಸವಣೂರಿನವರು ಹಿರೇಕೆರೂರಿನದು ಅನ್ನಲಿ. ಹಿರೇಕೆರೂರಿನವರು ಏನೂ ಅನ್ನದೆ ತಮ್ಮೂರ ಶಾಲೆಯ ಒಂದೊಂದೇ ಕೋಣೆಯ ಕೀಲಿ ತೆಗೆಸಿ ನೋಡಲಿ.)

ದೂರು ಯಾಕೆ?

ನನ್ನ ಮೊಮ್ಮಗಳು ಅಕ್ಷತಾಳಿಗೆ ಹುಟ್ಟಿದಾಗಿನಿಂದ ಕಿವಿ ಸರಿಯಾಗಿ ಕೇಳುವುದಿಲ್ಲ. ಪೂರ್ತಿ ಕಿವುಡಲ್ಲ, ಯಂತ್ರ ಹಾಕಿದರೆ ಕೇಳುತ್ತದೆ. ಈಗ ಮೂರನೇ ಕ್ಲಾಸು. ‘ಅವ್ವ’ ಅನ್ನುತ್ತಾಳೆ, ‘ನೀರ’ ಅನ್ನುತ್ತಾಳೆ, ಸಿಟ್ಟು ಬಂದರೆ ಬಾಗಿಲು ಒದೆಯುತ್ತಾಳೆ. (ಕೊನೆಯದು ನನ್ನಿಂದ ಬಂದ ಗುಣ ಎಂದು ನನ್ನ ಮಗ ಹೇಳುತ್ತಾನೆ.)

ಹೋದ ವರ್ಷ ಶಾಲೆಯಲ್ಲಿ ಕ್ಯಾಂಪ್ ಆಯಿತು. ಸರಕಾರದಿಂದ ಅವಳಿಗೆ ಕಿವಿ ಯಂತ್ರ ಬಂತು. ಕೊಡುವಾಗ ಒಂದು ಫೋಟೋ, ಕೊಟ್ಟಾದ ಮೇಲೆ ಒಂದು ಫೋಟೋ, ಯಂತ್ರವನ್ನು ತಾನೇ ಹಿಡಿದುಕೊಂಡು ಫಕ್ಕೀರಪ್ಪನದೊಂದು ಫೋಟೋ. ಕ್ಯಾಂಪಿಗೆ ಬಂದಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಶಾಲೆಯವರಿಗೆ ಹೇಳಿದ್ದನ್ನೇ, ಫೋಟೋ ಗದ್ದಲದಿಂದ ನನ್ನನ್ನು ಪಕ್ಕಕ್ಕೆ ಕರೆದು, ನನಗೂ ಹೇಳಿದಳು:

“ಅಜ್ಜಿ, ಮೂರು ಮಾತು ನೆನಪಿಡ್ರಿ. ಯಂತ್ರ ದಿನಾ ಹಾಕಬೇಕು. ಸಾಲ್ಯಾಗ ಮುಂದಿನ ಬೆಂಚಿನ್ಯಾಗ ಕೂಡಸಬೇಕು. ಇಂಥಾ ಹುಡುಗರಿಗೆ ಕಲಸೋ ಮಾಸ್ತರು ಬ್ಯಾರೇನ ಅದಾರ, ಅವರು ವಾರಕ್ಕೊಮ್ಮೆ ಬಂದು ಕಲಸಬೇಕು. ಇದು ದಾನ ಧರ್ಮ ಅಲ್ರಿ, ಕಾಯ್ದೇನ ಐತಿ. ತಡಾ ಮಾಡಿದ್ರ ಮಾತು ಬರೂದು ಕಷ್ಟ ಆಕ್ಕೈತಿ.”

ನಾನು ಕಲಿತದ್ದು ಮೂರನೇ ಇಯತ್ತೆ. ಮೂರು ಮಾತು ನೆನಪಿಡಲು ಅಷ್ಟು ಸಾಕು.

ಶಾಲೆಯವರು ಬಹಳ ಕಲಿತವರು. ಮೂರನ್ನೂ ಮರೆತರು.

ಮುಂದಿನ ಬೆಂಚು ಮಾರ್ಕ್ಸ್ ತರುವ ಮಕ್ಕಳಿಗಾಯಿತು, ಅಕ್ಷತಾ ಕೊನೆಯ ಬೆಂಚಿನಲ್ಲೇ ಉಳಿದಳು. ವಿಶೇಷ ಮಾಸ್ತರು ಬರುತ್ತಾರೆ ಎಂದರು, ಬರಲಿಲ್ಲ. ಇನ್ನು ಯಂತ್ರ? “ಮನ್ಯಾಗ ಕಳದು ಗಿಳದು ಮಾಡ್ತಾಳ್ರಿ, ಸರಕಾರಿ ಸಾಮಾನು. ಸಾಲ್ಯಾಗ ಇರಲಿ. ಬಂದ ಕೂಡ್ಲೆ ನಾವ ಕಿವಿಗೆ ಹಾಕ್ತೇವಿ” ಎಂದು ಹೆಡ್ ಮೇಡಂ ಇಟ್ಟುಕೊಂಡರು. ಜೋಪಾನ ಮಾಡುವವರನ್ನು ಬೇಡ ಎನ್ನುವುದು ಹೇಗೆ?

ಹುಡುಗಿ ಹೇಗೆ ಕಲಿಯುತ್ತಿದ್ದಾಳೆ ಎಂದು ಕೇಳಲು ಹೋದಾಗಲೆಲ್ಲ ಒಂದೇ ಉತ್ತರ.

“ಭಾಳ ಶಾಣ್ಯಾ ಹುಡುಗಿ ಅಜ್ಜಿ. ಗದ್ದಲಿಲ್ಲ, ಗಲಾಟಿ ಇಲ್ಲ. ಕುಂದ್ರಿಸಿದಲ್ಲೆ ಕುಂತಿರ್ತಾಳ. ಇಡೀ ಸಾಲ್ಯಾಗ ಇಂಥಾಕಿ ಇನ್ನೊಬ್ಬಾಕಿ ಇಲ್ಲ.”

ಕಿವಿ ಕೇಳದ ಹುಡುಗಿ ಗದ್ದಲ ಮಾಡುವುದಿಲ್ಲ ಎಂದು ಹೊಗಳುವುದು ಹೇಗಿದೆ ಗೊತ್ತೇ? ಕುಂಟ ಎತ್ತು ಬೇಲಿ ಹಾರುವುದಿಲ್ಲ ಎಂದು ಹೊಗಳಿದ ಹಾಗಿದೆ. ಆಗಸ್ಟ್ ಹದಿನೈದಕ್ಕೆ ಅವಳಿಗೆ ‘ಶಿಸ್ತಿನ ವಿದ್ಯಾರ್ಥಿನಿ’ ಎಂದು ಬಹುಮಾನವನ್ನೂ ಕೊಟ್ಟರು, ಒಂದು ಪ್ಲಾಸ್ಟಿಕ್ ಡಬ್ಬಿ. ಮೈಕಿನಲ್ಲಿ ಹೆಸರು ಕರೆದರು. ಅವಳಿಗೆ ಕೇಳಲಿಲ್ಲ. ಪಕ್ಕದ ಹುಡುಗಿ ದಬ್ಬಿದ ಮೇಲೆ ಎದ್ದು ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೂ ಕೇಳಲಿಲ್ಲ.

ಅವತ್ತೇ ನನಗೆ ಸಾಕಾಯಿತು. ಆದರೂ ದಸರೆ ಕಾದೆ, ದೀಪಾವಳಿ ಕಾದೆ. ಆಮೇಲೆ ಮಗನಿಂದ ಅರ್ಜಿ ಬರೆಸಿದೆ. ತಾಯಿಯ ಹೆಸರಿನಲ್ಲೇ ಇರಲಿ ಎಂದು ಸವಿತಾ ಸಹಿ ಮಾಡುವುದೆಂದಾಯಿತು. ಗುರುವಾರ ಹಿಟ್ಟಿನ ಗಿರಣಿಯಲ್ಲಿ ಈ ಮಾತು ಆಡಿದೆ. ನಮ್ಮೂರಲ್ಲಿ ಗಿರಣಿಯಲ್ಲಿ ಆಡಿದ ಮಾತು ಹಿಟ್ಟಿಗಿಂತ ಮೊದಲೇ ಮನೆ ಮುಟ್ಟುತ್ತದೆ.

ಶುಕ್ರವಾರ ಉಡಿ ಬಂತು.

ಉಡಿ ಎಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪೇಟೆಯಲ್ಲಿ ಬೆಳೆದ ಮಕ್ಕಳಿಗಾಗಿ ಹೇಳುತ್ತೇನೆ. ಉಡಿ ತುಂಬುವುದು ತವರಿನವರ ಕೆಲಸ. ಯಾರು ನಿನ್ನ ಉಡಿ ತುಂಬಿದರೋ ಅವರ ಮನೆಗೆ ನೀನು ಮಗಳು. ಮಗಳಾದವಳು ತವರಿನ ಹುಳುಕನ್ನು ಹೊರಗೆ ಆಡುವುದಿಲ್ಲ. ತವರಲ್ಲಿ ಅಂಬಲಿ ಕುಡಿದು ಬಂದರೂ ಗಂಡನ ಮನೆಯಲ್ಲಿ ಹೋಳಿಗೆ ಉಂಡು ಬಂದೆ ಎನ್ನುತ್ತಾಳೆ. ಅಂಥವಳು ಆಫೀಸಿಗೆ ಹೋಗಿ ದೂರು ಕೊಡುತ್ತಾಳೆಯೇ?

ಐಡಿಯಾ ಫಕ್ಕೀರಪ್ಪನದು. ನನ್ನನ್ನು ದೊಡ್ಡವ್ವ ಎಂದು ಕರೆಯುತ್ತಾನೆ. ತಾಟು ಖಾಲಿಯಾದ ಮೇಲೆ ಗಂಟಲು ಸರಿಮಾಡಿಕೊಂಡ.

“ದೊಡ್ಡವ್ವ, ಇನ್ನ ಮ್ಯಾಲೆ ಸವಿತಾ ಸಾಲಿ ಮಗಳು. ತವರಮನಿ ಮಾತು ನಾಕು ಗ್ವಾಡಿ ಒಳಗ ಇರಲಿ.”

“ಆ ನಾಕು ಗ್ವಾಡಿ ಒಳಗ ವಿಶೇಷ ಮಾಸ್ತರು ಒಮ್ಮಿನೂ ಬರವಲ್ರಲ್ಲೋ” ಎಂದೆ.

“ನೀವೊಂದು” ಎಂದು ನಕ್ಕ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ.

ಉಡಿ ತುಂಬುವಾಗ ಹೆಡ್ ಮೇಡಂ ಒಮ್ಮೆ ನನ್ನ ಕಡೆ ನೋಡಿ ತಾಟನ್ನು ಹಿಂದಕ್ಕೆ ಎಳೆದುಕೊಂಡರು. ನನ್ನ ಯಜಮಾನರು ತೀರಿ ಬಹಳ ವರ್ಷವಾಯಿತು. ಗಂಡನಿಲ್ಲದವಳಿಗೆ ಉಡಿ ಇಲ್ಲ, ಅದು ಪದ್ಧತಿ. ನನಗೇನೂ ಬೇಜಾರಿಲ್ಲ, ತೆಂಗಿನಕಾಯಿ ಮನೆಯಲ್ಲೇ ಇದೆ. ಆದರೆ ಆ ಪದ್ಧತಿಯನ್ನು ಪಾಲಿಸಿದ್ದೇ ಶಾಲೆಯವರು ಮಾಡಿದ ತಪ್ಪು. ಅದು ಅವರಿಗೆ ಸೋಮವಾರ ಗೊತ್ತಾಯಿತು.

ಅವರು ಹೋದ ಮೇಲೂ ಸವಿತಾ ಮಣೆಯಿಂದ ಏಳಲಿಲ್ಲ. ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಅವಳ ಅವ್ವ ತೀರಿದ ಮೇಲೆ ಯಲವಿಗಿಯಲ್ಲಿರುವ ಅಣ್ಣ ನಾಗಪಂಚಮಿ ಹಬ್ಬಕ್ಕೂ ಕರೆದಿಲ್ಲ. ಬಹಳ ದಿನಗಳ ಮೇಲೆ ಯಾರೋ ಅವಳ ಉಡಿ ತುಂಬಿದ್ದರು.

“ಅತ್ತಿ, ಬ್ಯಾಡ್ರಿ ದೂರು.”

“ಯಾಕ?”

“ಉಡಿ ತುಂಬಿದವ್ರ ಮ್ಯಾಲೆ ಹೆಂಗ ಕೊಡೂದ್ರಿ? ನನಗೂ ಒಂದು ತವರಮನಿ ಆತು ಅಂತ ತಿಳ್ಕೋತೇನಿ.”

“ನಿನಗ ತವರಮನಿ ಆತು. ನಿನ್ನ ಮಗಳಿಗೆ ಸಾಲಿ ಆತೇನು?”

ಸವಿತಾ ಮಗಳ ಕಡೆ ನೋಡಿದಳು. ಅಕ್ಷತಾ ಮೂಲೆಯಲ್ಲಿ ಗೊಂಬೆಯನ್ನು ಕೂರಿಸಿ ಅದರ ಫ್ರಾಕಿಗೆ ಜೋಳ ಸುರಿಯುತ್ತಿದ್ದಳು. ಉಡಿ ತುಂಬುವ ಆಟ. ಹಣೆಗೆ ಕುಂಕುಮ ಇಡುವುದರಿಂದ ಹಿಡಿದು ಕೊನೆಗೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವವರೆಗೆ ಒಂದನ್ನೂ ಬಿಡಲಿಲ್ಲ. ಒಮ್ಮೆ ನೋಡಿದ್ದನ್ನು ಹೀಗೆ ಕಲಿಯುವ ಹುಡುಗಿಗೆ ಇಷ್ಟು ವರ್ಷ ಕಲಿಸಲಾಗದ್ದು ಏನಿತ್ತು?

ಶನಿವಾರ ಉಡಿಯ ಅಕ್ಕಿ ಆರಿಸಲು ಕುಳಿತೆ. (ನಡುನಡುವೆ ಬೇರೆ ಬಣ್ಣದ ಕಾಳು. ಶಕ್ತಿ ಬರಲಿ ಎಂದು ಸರಕಾರ ಕಲಸುತ್ತದಲ್ಲ, ಅದೇ. ಆ ಅಕ್ಕಿ ರೇಷನ್ನಿಗೂ ಬರುತ್ತದೆ, ಬಿಸಿಯೂಟಕ್ಕೂ ಬರುತ್ತದೆ. ಇದು ಎಲ್ಲಿಯದು ಎಂದು ನಾನು ಕೇಳುವುದಿಲ್ಲ. ನೀಲವ್ವ ಮಾತ್ರ ಶುಕ್ರವಾರ ಪೂರ್ತಿ ನನ್ನ ಮುಖ ನೋಡಿರಲಿಲ್ಲ.)

ಅಕ್ಕಿ ಆರಿಸುವಾಗ ನನಗೆ ತಲೆ ಚುರುಕಾಗುತ್ತದೆ. ಸವಿತಾ ಶಾಲೆಯ ಮಗಳು. ಆಯಿತು, ಒಪ್ಪಿದೆ. ಸವಿತಾ ನನ್ನ ಸೊಸೆ. ಹಾಗಾದರೆ ಸೊಸೆಯ ತವರಿಗೆ ನಾನು ಏನಾಗಬೇಕು?

ಬೀಗತಿ!

ಮಗಳು ತವರನ್ನು ದೂರಬಾರದು, ನಿಜ. ಆದರೆ ಗಂಡಿನ ತಾಯಿ? ಬೀಗರ ಮನೆಗೆ ಹೋಗಿ ಸಾರಿಗೆ ಉಪ್ಪಿಲ್ಲ, ಹೋಳಿಗೆಗೆ ತುಪ್ಪವಿಲ್ಲ, ಹಾಸಿಗೆ ಮೆತ್ತಗಿಲ್ಲ ಎನ್ನದಿದ್ದರೆ ಅವಳು ಗಂಡಿನ ತಾಯಿಯೇ ಅಲ್ಲ. ತಪ್ಪು ಹುಡುಕುವುದು ಅವಳ ಹಕ್ಕು. ತಪ್ಪಿಲ್ಲದಿದ್ದರೂ ಹುಡುಕುತ್ತಾಳೆ. ಇಲ್ಲಂತೂ ರಾಶಿ ಬಿದ್ದಿದೆ. ನನಗೂ ಉಡಿ ತುಂಬಿದ್ದರೆ ನನ್ನನ್ನೂ ಕಟ್ಟಿಹಾಕಿದ ಹಾಗಾಗುತ್ತಿತ್ತು. ತುಂಬಲಿಲ್ಲವಲ್ಲ!

ಸೋಮವಾರ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ತೆಗೆದು ಉಟ್ಟೆ. ಶಾಲೆಯ ಗೇಟಿಗೆ ಹೋಗಿ ನಿಂತೆ. ಒಳಗೆ ಹೋಗಲಿಲ್ಲ.

“ಯಾಕ ಅಲ್ಲೇ ನಿಂತ್ರಿ ಅಜ್ಜಿ? ಒಳಗ ಬರ್ರಿ” ಎಂದರು ಹೆಡ್ ಮೇಡಂ.

“ಬೀಗತಿ ಬಂದೇನಿ. ಕಾಲಿಗೆ ನೀರು ಕೊಡ್ರಿ.”

“ಏನ್ ಚಾಷ್ಟಿ ಮಾಡ್ತೀರಿ ಅಜ್ಜಿ!”

“ಚಾಷ್ಟಿ ಎಲ್ಲಿದ್ರಿ? ನನ್ನ ಸೊಸಿಗೆ ಉಡಿ ತುಂಬೀರಿಲ್ಲೋ? ಆಕಿ ನಿಮ್ಮ ಮಗಳು ಆದ್ಲಿಲ್ಲೋ? ಹಂಗಾರ ನಾ ನಿಮಗ ಯಾರು?”

ನೀಲವ್ವನಿಗೆ ಮೊದಲು ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡು ಓಡಿಹೋಗಿ ಒಂದು ತಂಬಿಗೆ ನೀರು ತಂದಳು. ನಾನು ನಿಧಾನವಾಗಿ ಕಾಲು ತೊಳೆದುಕೊಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತೆ.

“ಚಾ ಕುಡೀರಿ ಅಜ್ಜಿ.”

“ಬೀಗತಿಗೆ ಬರೇ ಚಾ? ಇರ್ಲಿ. ಮೊದಲ ಮನಿ ತೋರಸ್ರಿ. ನಮ್ಮ ಹುಡುಗಿ ಎಲ್ಲಿರ್ತಾಳ ನೋಡಬೇಕು.”

ತೋರಿಸಿದರು. ಕೊನೆಯ ಬೆಂಚು, ಅದರ ಪಕ್ಕದಲ್ಲಿ ಕಿಟಕಿ, ಕಿಟಕಿಯಾಚೆ ಯಾರದೋ ಗೋವಿನಜೋಳದ ಹೊಲ. ಅಕ್ಷತಾ ಹೊಲ ನೋಡುತ್ತ ಕುಳಿತಿದ್ದಳು. ಒಂದನೇ ಕ್ಲಾಸಿನಿಂದ ಅವಳಿಗೆ ಸಿಕ್ಕ ಪಾಠ ಅದೊಂದೇ.

ಪಡಸಾಲೆಯ ತುದಿಗೆ ಒಂದು ಕೋಣೆ ಇತ್ತು. ಬಾಗಿಲ ಮೇಲೆ ಬಣ್ಣದಲ್ಲಿ ‘ಸಂಪನ್ಮೂಲ ಕೊಠಡಿ’. ಅದರ ಕೆಳಗೆ ನಗುವ ಮಕ್ಕಳ ಚಿತ್ರ. ಅದರ ಕೆಳಗೆ ಕೀಲಿ.

“ಇದೇನ್ರಿ?”

“ವಿಶೇಷ ಮಕ್ಕಳಿಗೆ ಕಲಸೋ ಖೋಲಿ ಅಜ್ಜಿ.”

“ಮತ್ತ ಕೀಲಿ ಯಾಕ?”

“ಇಲ್ಲಾಂದ್ರ ಮಕ್ಕಳು ಒಳಗ ಹೊಕ್ಕಾವ್ರಿ.”

ಇದಕ್ಕೆ ನೀವಾದರೂ ಏನು ಹೇಳುತ್ತಿದ್ದಿರಿ?

ಕೀಲಿ ತೆಗೆಸಿದೆ. ಒಳಗೆ ಕಾಲು ಮುರಿದ ಕುರ್ಚಿಗಳು, ಬಣ್ಣದ ಕಾಗದದ ತೋರಣ, ಎರಡು ದೊಡ್ಡ ಸೌಂಡ್ ಬಾಕ್ಸು. (ಕಿವಿ ಕೇಳದ ಮಗುವಿನ ಕೋಣೆಯಲ್ಲಿ ಪಕ್ಕದ ಊರಿಗೂ ಕೇಳುವಂಥ ಸೌಂಡ್ ಬಾಕ್ಸು!) ಗೋಡೆಗೆ ಸರಸ್ವತಿಯ ಫೋಟೋ. ಫೋಟೋ ಕೆಳಗಿನ ಗೋಡೆಗೂಡಿನಲ್ಲಿ ಒಂದು ಪುಟ್ಟ ಡಬ್ಬಿ. ಡಬ್ಬಿಯಲ್ಲಿ ನಮ್ಮ ಅಕ್ಷತಾಳ ಕಿವಿ ಯಂತ್ರ.

ಯಂತ್ರಕ್ಕೆ ವಿಭೂತಿ ಹಚ್ಚಿತ್ತು. ಕುಂಕುಮ ಇಟ್ಟಿತ್ತು. ಒಣಗಿದ ಚೆಂಡು ಹೂವಿನ ಎಸಳೊಂದು ಅಂಟಿಕೊಂಡಿತ್ತು.

“ದಸರಾದಾಗ ಆಯುಧ ಪೂಜಾ ಮಾಡಿದ್ವಿ ಅಜ್ಜಿ” ಎಂದರು ಸಣ್ಣ ಟೀಚರು, ಮೆಲ್ಲಗೆ. “ಕಂಪ್ಯೂಟರಿಗೆ ಮಾಡೂಮುಂದ ಇದಕ್ಕೂ ಮಾಡಿದ್ವಿ.”

“ಆಕಿ ಕಿವಿಗೆ ಯಾವಾಗ ಹಾಕಿದ್ರಿ?”

“ಕ್ಯಾಂಪಿನ ದಿನಾ ಹಾಕಿದ್ವೆಲ್ರಿ. ಫೋಟೋ ತಗಿಯೂಮುಂದ.”

ನೋಡಿ, ನಾನು ಪೂಜೆ ಬೇಡ ಎನ್ನುವವಳಲ್ಲ. ನಮ್ಮ ಟ್ರ್ಯಾಕ್ಟರಿಗೂ ದಸರೆಯಲ್ಲಿ ಪೂಜೆ ಆಗುತ್ತದೆ. ಆದರೆ ಮರುದಿನ ಅದು ಹೊಲಕ್ಕೆ ಹೋಗುತ್ತದೆ. ಪೂಜೆ ಆಯಿತಲ್ಲ ಎಂದು ಶೆಡ್ಡಿನಲ್ಲೇ ನಿಲ್ಲಿಸಿದರೆ ಹೊಲ ತಾನೇ ಉಳುತ್ತದೆಯೇ?

ನಮ್ಮ ಕಡೆಯ ರೋಗವೇ ಇದು. ಮಾಡಬೇಕಾದ ಒಂದು ಕೆಲಸ ಬಿಟ್ಟು ಉಳಿದ ಎಲ್ಲ ಮರ್ಯಾದೆಯನ್ನೂ ಮಾಡುತ್ತೇವೆ. ರಸ್ತೆ ಮಾಡದವನಿಗೆ ಶಾಲು ಹೊದಿಸುತ್ತೇವೆ. ನೀರು ಬಾರದ ನಳಕ್ಕೆ ರಿಬ್ಬನ್ ಕಟ್ಟಿ ಕತ್ತರಿಸುತ್ತೇವೆ. ಕಲಿಸದ ಹುಡುಗಿಗೆ ಬಹುಮಾನ, ಅವಳ ಯಂತ್ರಕ್ಕೆ ಕುಂಕುಮ, ಅವಳ ತಾಯಿಗೆ ಉಡಿ. ಇದೆಲ್ಲಕ್ಕೂ ಪುರುಸೊತ್ತು ಸಿಗುತ್ತದೆ. ಅವಳ ಕಿವಿಗೆ ಒಂದು ಯಂತ್ರ ಸಿಕ್ಕಿಸಲು ಸಿಗುವುದಿಲ್ಲ.

“ಉಡಿ ತುಂಬಾಕ ಐದು ಮಂದಿ ಬಂದ್ರಿ” ಎಂದೆ. “ಕಲಸಾಕ ಒಬ್ಬರು ಬರಲಿಲ್ಲ. ಬೀಗರ ಲಕ್ಷಣ ಏನ್ರಿ ಇದು?”

ಹೆಡ್ ಮೇಡಂ ಮುರುಕು ಕುರ್ಚಿಯೊಂದರ ಬೆನ್ನು ಹಿಡಿದು ನಿಂತರು. ಕೆಟ್ಟ ಹೆಂಗಸಲ್ಲ.

“ಅಜ್ಜಿ, ಇರೋರು ನಾವು ಮೂರು ಮಂದಿ. ಐದು ಕ್ಲಾಸು ನೋಡಬೇಕು. ವಿಶೇಷ ಮಾಸ್ತರನ್ನ ಕಳಸ್ರಿ ಅಂತ ನಾನೂ ಕೇಳೇನಿ, ಆತು ಅಂದಾರ, ಬಂದಿಲ್ಲ. ನೀವು ದೂರು ಕೊಟ್ರ ಅವರನ್ನ ಯಾರೂ ಕೇಳೂದಿಲ್ರಿ. ನೋಟಿಸು ನನಗ ಬರ್ತೈತಿ.”

“ಬಾಯಿಲೆ ಕೇಳೀರೋ, ಬರದು ಕೇಳೀರೋ?”

“ಬಾಯಿಲೆ.”

“ಹಂಗಾರ ಬರೀರಿ. ನಮ್ಮ ಅರ್ಜಿ ಜೋಡಿ ನಿಮ್ಮದೂ ಹೋಗ್ಲಿ. ಮಾಸ್ತರು ಬರಲಿಲ್ಲ, ಖರೆ. ಮುಂದಿನ ಬೆಂಚಿಗೆ ಕೂಡಸಾಕ ಯಾರ ಅಪ್ಪಣಿ ಬೇಕಿತ್ತು? ಇದನ್ನ ಕಿವಿಗೆ ಹಾಕಾಕ?”

ಹೆಡ್ ಮೇಡಂ ಯಂತ್ರವನ್ನು ಕೈಗೆ ತೆಗೆದುಕೊಂಡು ತಮ್ಮ ಸೆರಗಿನಿಂದ ಒರೆಸಿದರು. ಕುಂಕುಮ ಹೋಯಿತು. ಸಂದಿಯಲ್ಲಿ ಕುಳಿತ ವಿಭೂತಿ ಹೋಗಲಿಲ್ಲ.

ಮನೆಗೆ ಬಂದು ಸವಿತಾಳಿಗೆ ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಅರ್ಜಿಯಲ್ಲಿ ಅವಳ ಹೆಸರು ಹೊಡೆದು ನನ್ನದು ಹಾಕಿಸುತ್ತೇನೆ, ಮಗಳು ಸುಮ್ಮನಿರಲಿ, ಬೀಗತಿ ಮಾತಾಡಲಿ ಎಂದೆ. ಅವಳು ಕುಂಕುಮದ ಮಾತು ಬಂದಾಗ ಹಿಟ್ಟು ನಾದುವುದನ್ನು ನಿಲ್ಲಿಸಿದವಳು ಮತ್ತೆ ಕೈ ಹಾಕಲಿಲ್ಲ.

“ಅತ್ತಿ, ತವರಮನ್ಯಾಗ ಹೆಣ್ಣುಮಕ್ಕಳು ಪಾಲು ಕೇಳಬಹುದಲ್ರಿ ಈಗ?”

“ಕೇಳಬಹುದು. ಕಾಯ್ದೆ ಐತಿ.”

“ಹಂಗಾರ ನನ್ನ ಹೆಸರೂ ಇರ್ಲಿ. ನನ್ನ ಮಗಳ ಪಾಲು ನಾ ಕೇಳ್ತೇನಿ.”

ಕೈ ತೊಳೆದು ಎರಡು ಹೆಸರಿನ ಅರ್ಜಿಗೆ ತನ್ನ ಸಹಿ ತಾನೇ ಮೊದಲು ಹಾಕಿದಳು. ಮೂರು ದಿನದ ಹಿಂದೆ ‘ಬ್ಯಾಡ್ರಿ ದೂರು’ ಎಂದಿದ್ದ ಹೆಂಗಸು.

ಮರುದಿನ ತಾಲೂಕಿಗೆ ಹೊರಟೆವು. ಹೆಂಗಸರಿಗೆ ಬಸ್ ಫ್ರೀ. ಸರಕಾರದ ಮೇಲೆ ದೂರು ಕೊಡಲು ಸರಕಾರವೇ ಪುಕ್ಕಟೆ ಕಳಿಸಿತು. ಎಂಥ ದೊಡ್ಡ ಮನಸ್ಸು!

ಆಫೀಸಿನ ಗುಮಾಸ್ತ ಅರ್ಜಿ ನೋಡಿದ.

“ಮಗುಗ ನೀವೇನಾಗಬೇಕ್ರಿ?”

“ಅಜ್ಜಿ.”

“ಸಾಲಿಗೂ ನಿಮಗೂ ಏನರ ಸಂಬಂಧ?”

“ಬೀಗತಿ.”

ಅವನು ತಲೆ ಎತ್ತಿದ. ಸವಿತಾ ನೆಲ ನೋಡಿದಳು.

“ಇಟ್ಟು ಹೋಗ್ರಿ, ಸಾಹೇಬ್ರು ಮೀಟಿಂಗಿನ್ಯಾಗ ಅದಾರ.”

“ಅರ್ಜಿ ಮುಟ್ಟೇತಿ ಅಂತ ಶಿಕ್ಕಾ ಹೊಡದು ಕೊಡ್ರಿ.”

“ಶಿಕ್ಕಾ ಹೊಡಿಯಾಂವ ಊಟಕ್ಕ ಹೋಗ್ಯಾನ್ರಿ.”

“ಉಂಡು ಬರ್ಲಿ. ನಾವೂ ಬುತ್ತಿ ತಂದೇವಿ.”

ಅಲ್ಲೇ ವರಾಂಡದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಬಂದವರು ಹೋದವರೆಲ್ಲ ಏನು ಎತ್ತ ಎಂದು ಕೇಳಿದರು. ಕೇಳಿದವರಿಗೆಲ್ಲ ಯಂತ್ರದ ಆಯುಧ ಪೂಜೆಯಿಂದಲೇ ಹೇಳತೊಡಗಿದೆ. ರೊಟ್ಟಿ ಮುಗಿಯುವುದರೊಳಗೆ ಶಿಕ್ಕಾ ಹೊಡೆಯುವವನೂ ಬಂದ, ಸಾಹೇಬರ ಮೀಟಿಂಗೂ ಮುಗಿಯಿತು.

ಮುಂದಿನ ವಾರ ವಿಶೇಷ ಮಾಸ್ತರು ಬಂದರು. ಹಳೇ ಬೈಕು, ಬೆನ್ನಿಗೆ ಬ್ಯಾಗು, ಸೋತ ಮುಖ. ಯಾಕಪ್ಪ ಇಷ್ಟು ದಿನ ಬರಲಿಲ್ಲ ಎಂದರೆ, “ಇಡೀ ತಾಲೂಕಿಗೆ ನಾ ಒಬ್ಬಾಂವ ಅಜ್ಜಿ. ನನ್ನ ಮ್ಯಾಲೂ ಒಂದು ದೂರು ಕೊಡ್ರಿ. ಆವಾಗರ ಇನ್ನೊಬ್ಬರನ್ನ ಹಾಕ್ತಾರೇನೋ” ಎಂದರು.

ಯಂತ್ರಕ್ಕೆ ಹೊಸ ಸೆಲ್ ಹಾಕಿ ಅಕ್ಷತಾಳ ಕಿವಿಗೆ ಸಿಕ್ಕಿಸಿದರು. ಅಷ್ಟರಲ್ಲಿ ನೀಲವ್ವ ಊಟದ ಗಂಟೆ ಹೊಡೆದಳು. ನಮ್ಮ ಶಾಲೆಯ ಗಂಟೆ ಎಂದರೆ ಬೇವಿನ ಮರಕ್ಕೆ ತೂಗುಹಾಕಿದ ಕಬ್ಬಿಣದ ತುಂಡು. ಅಕ್ಷತಾ ಬೆಚ್ಚಿಬಿದ್ದಳು. ಕಿವಿ ಮುಚ್ಚಿಕೊಂಡು ಅತ್ತಳು. ಆಮೇಲೆ ಕೈ ತೆಗೆದು ಆ ಕಬ್ಬಿಣವನ್ನೇ ನೋಡಿದಳು. ಓಡಿಹೋಗಿ ನೀಲವ್ವನ ಕೈಯಿಂದ ರಾಡು ಕಸಿದುಕೊಂಡು ತಾನೇ ಒಂದು ಹೊಡೆದಳು. ಮತ್ತೊಂದು ಹೊಡೆದಳು. ಬಿಡಿಸಲು ಇಬ್ಬರು ಬೇಕಾಯಿತು.

ಅದರ ಮುಂದಿನ ವಾರ ಮಾಸ್ತರು ಬರಲಿಲ್ಲ. ನಾನು ಆಫೀಸಿಗೆ ಹೋದೆ. “ಬಂದ್ರು ನೋಡ್ರಿ, ಬೀಗತಿ” ಎಂದು ಗುಮಾಸ್ತ ಒಳಗೆ ಕೂಗಿ ಹೇಳಿದ. ಮಾಸ್ತರು ಬಂದರು. ಈಗ ಹೀಗೇ ನಡೆದಿದೆ, ಒಂದು ವಾರ ಅವರು ಶಾಲೆಗೆ, ಒಂದು ವಾರ ನಾನು ಆಫೀಸಿಗೆ. ಕಾಯ್ದೆಯಲ್ಲಿ ಹೀಗೆ ಬರೆದಿದೆಯೋ ಇಲ್ಲವೋ ಗೊತ್ತಿಲ್ಲ. ಬಸ್ ಫ್ರೀ ಇರುವತನಕ ನನಗೇನೂ ತೊಂದರೆಯಿಲ್ಲ.

ನಿನ್ನೆ ಸಂಜೆ ಫಕ್ಕೀರಪ್ಪ ಮತ್ತೆ ಬಂದ. ಈ ಸಲ ಒಬ್ಬನೇ, ತಾಟಿಲ್ಲ. ಮುಖ ಸಪ್ಪಗಿತ್ತು.

“ದೊಡ್ಡವ್ವ, ಮೇಡಂ ಹೇಳಿ ಕಳಿಸ್ಯಾರ. ಅಕ್ಷತಾಂದು ಭಾಳ ಆತಂತ. ಮುಂದಿನ ಬೆಂಚಿನ್ಯಾಗ ಕುಂತು ಒಂದ ಸಮನ ಜೋರಲೆ ಒದರ್ತಾಳಂತ. ಹೊತ್ತಿಲ್ಲ ಗೊತ್ತಿಲ್ಲ, ಹೋಗಿ ಗಂಟಿ ಹೊಡೀತಾಳಂತ. ಹುಡುಗರೆಲ್ಲ ಊಟದ ಗಂಟಿ ಅಂತ ತಾಟು ಹಿಡಕೊಂಡು ಓಡಿ ಬರ್ತಾವಂತ. ಸ್ವಲ್ಪ ತಿಳಿಸಿ ಹೇಳ್ರಿ.”

ಶಾಲೆಗೆ ಹಾಕಿದಾಗಿನಿಂದ ನನ್ನ ಮೊಮ್ಮಗಳ ಮೇಲೆ ಬಂದ ಮೊದಲ ದೂರು ಇದು.

ನಾನು ಒಳಗೆ ತಿರುಗಿ ಕೂಗಿದೆ: “ಸವಿತಾ, ಸ್ಟೀಲ್ ತಾಟು ತೊಳದಿಡು. ಸಾಲಿಯಿಂದ ದೂರು ಬಂದೈತಿ. ಶುಕ್ರವಾರ ಹೋಗಿ ಮೇಡಂಗೆ ಉಡಿ ತುಂಬಿ ಬಾ!”